ನೋಟು ನೋಡುವ ದೀಪ, ಟಿನೋಪಾಲ್ ಮತ್ತು ಹತ್ತಿ ಎಲೆಯ ಮಾತು

ಸೂರತ್ತಿನ ರಿಂಗ್ ರೋಡಿನ ಬಟ್ಟೆ ಮಾರ್ಕೆಟ್ಟಿಗೆ ಹೋದವರು ನೋಡಿರುತ್ತೀರಿ, ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಪುಟ್ಟ ನೇರಳೆ ದೀಪ ಇಟ್ಟುಕೊಂಡಿರುತ್ತಾರೆ. ಖೋಟಾ ನೋಟು ಹಿಡಿಯುವ ದೀಪ. ಮೊನ್ನೆ ನಾನು ಕೊಟ್ಟ ಐನೂರರ ನೋಟನ್ನು ಅಂಗಡಿಯ ಹುಡುಗ ಅದರ ಕೆಳಗೆ ಹಿಡಿದ. ನೋಟು ಮಂಕಾಗಿಯೇ ಇತ್ತು. ಅಲ್ಲಲ್ಲಿ ಒಂದೆರಡು ಎಳೆ ಮಿಣುಕಿದವು, ನಂಬರು ಹೊಳೆಯಿತು, ಅಷ್ಟೇ. ಆದರೆ ನೋಟು ಚಾಚಿದ ನನ್ನ ಬಿಳಿ ಅಂಗಿಯ ತೋಳು ಮಾತ್ರ ದೀಪಾವಳಿಯ ಹಾಗೆ ನೀಲಿಗೆ ಬೆಳಗಿತು. ಹುಡುಗ ನಕ್ಕು, "ಕಾಕಾ, ನೋಟ್ ಸಾಚಿ ಛೇ, ತಮಾರು ಶರ್ಟ್ ಖೋಟು ಛೇ" ಅಂದ. ನೋಟು ಅಸಲಿ, ನಿಮ್ಮ ಅಂಗಿ ನಕಲಿ ಅಂತ.

ಅವನು ತಮಾಷೆಗೆ ಅಂದದ್ದು. ಆದರೆ ಮೂವತ್ತು ವರ್ಷಕ್ಕೂ ಮೇಲೆ ಗುಜರಾತಿನ ಬಟ್ಟೆ ಬಿಳುಪು ಮಾಡುವ ಕಾರ್ಖಾನೆಗಳಲ್ಲಿ ದುಡಿದ ನನಗೆ ಆ ಮಾತು ತಲೆಯಲ್ಲೇ ಉಳಿಯಿತು. ನೋಟಿನ ಕಾಗದಕ್ಕೆ ಬೆಳ್ಳಗಾಗಿಸುವ ರಾಸಾಯನಿಕ ಹಾಕುವುದಿಲ್ಲ, ಅದಕ್ಕೇ ಅದು ಮಂಕು. ಅಂಗಿಗೆ ಹಾಕಿರುತ್ತಾರೆ, ಅದಕ್ಕೇ ಅದು ಹೊಳೆಯುತ್ತದೆ. ಹೊಳೆಯುವುದೆಲ್ಲ ತಾನಾಗಿ ಹೊಳೆಯುವುದಲ್ಲ. ಯಾವ ಬೆಳಕು ಯಾರದು ಅಂತ ಬಿಡಿಸಿ ನೋಡುವುದೇ ಒಂದು ದೊಡ್ಡ ಕಥೆ, ಅದರ ಸುಮಾರು ಪಾಲು ನಾನು ಬಾಳಿದ ಮೂರು ಊರುಗಳ ಸುತ್ತಮುತ್ತಲೇ ನಡೆದಿದೆ. ಅಹಮದಾಬಾದು, ವಡೋದರ, ಸೂರತ್ತು. ಈಗ ಅದೇ ಬೆಳಕಿನಿಂದ ಗಿಡದೊಳಗಿನ ಮೈಕ್ರೋ ಆರ್‌ಎನ್‌ಎ ಅನ್ನುವ ಅತಿ ಸಣ್ಣ ಚೀಟಿಗಳನ್ನು ಓದುವ ಪ್ರಯತ್ನ ನಡೆದಿದೆ. ಹತ್ತಿ ಬೆಳೆಯುವ ಮನೆಯಿಂದ ಬಂದವನಾದ್ದರಿಂದ ನನಗೆ ಇದರಲ್ಲಿ ಸ್ವಲ್ಪ ಸ್ವಾರ್ಥವೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಹೆಸರಿನ ವಿಷಯ. ಒಂದು ವಸ್ತು ಒಂದು ಬಣ್ಣದ ಬೆಳಕನ್ನು ನುಂಗಿ, ಬೇರೆ ಬಣ್ಣದ ಬೆಳಕನ್ನು ತಕ್ಷಣ ಉಗುಳುವುದಕ್ಕೆ ಇಂಗ್ಲಿಷಿನವರು ಫ್ಲೋರೆಸೆನ್ಸ್ ಅಂತಾರೆ, ನಮ್ಮ ಪಠ್ಯಪುಸ್ತಕದವರು ಪ್ರತಿದೀಪ್ತಿ ಅಂತಾರೆ. ನನ್ನ ಕೇಳಿದರೆ ನಮ್ಮ ಪದವೇ ವಾಸಿ. ಬೆಳಕು ಬಿದ್ದಾಗ ವಸ್ತು ಮರುಮಾತು ಕೊಡುತ್ತದೆ ಅನ್ನುವುದು ಅದರಲ್ಲೇ ಇದೆ. ಇಂಗ್ಲಿಷ್ ಪದ ಕೊಟ್ಟವನು ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್, 1852ರಲ್ಲಿ. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ದ್ರಾವಣವನ್ನು ಗಾಜಿನ ನಳಿಗೆಯಲ್ಲಿ ತುಂಬಿ, ಪಟ್ಟಕದಿಂದ ಬಿಡಿಸಿದ ಬಿಸಿಲಿನ ಬಣ್ಣಗಳಲ್ಲಿ ಒಂದೊಂದಾಗಿ ಹಿಡಿಯುತ್ತಾ ಹೋದ. ಕೆಂಪು, ಹಸಿರು, ನೀಲಿಯಲ್ಲಿ ಏನೂ ಆಗಲಿಲ್ಲ. ನೇರಳೆಯನ್ನೂ ದಾಟಿ, ಕಣ್ಣಿಗೆ ಕತ್ತಲು ಅನ್ನಿಸುವ ಜಾಗಕ್ಕೆ ಒಯ್ದಾಗ ನಳಿಗೆ ನೀಲಿಗೆ ಬೆಳಗಿತು. ಈ ಗುಣಕ್ಕೆ ಅವನು ಫ್ಲೋರ್‌ಸ್ಪಾರ್ ಅನ್ನುವ ಖನಿಜದ ಹೆಸರಿನಿಂದಲೇ ಹೆಸರು ಕಟ್ಟಿದ.

ಆ ಖನಿಜದ ನಮ್ಮ ದೇಶದ ಅತಿ ದೊಡ್ಡ ನಿಕ್ಷೇಪ ಎಲ್ಲಿದೆ ಗೊತ್ತೇ? ವಡೋದರದ ಪೂರ್ವಕ್ಕೆ ಅಂಬಾ ಡುಂಗರ್ ಗುಡ್ಡದಲ್ಲಿ. 2013ರ ತನಕ ಅದು ವಡೋದರ ಜಿಲ್ಲೆಯಲ್ಲೇ ಇತ್ತು, ಆಮೇಲೆ ಛೋಟಾ ಉದೇಪುರ ಬೇರೆ ಜಿಲ್ಲೆಯಾಯಿತು. ಹತ್ತಿರದ ಕಡಿಪಾನಿಯಲ್ಲಿ ಗುಜರಾತ್ ಖನಿಜ ನಿಗಮದವರ ಫ್ಲೋರ್‌ಸ್ಪಾರ್ ಯೋಜನೆಯಿದೆ. ವಡೋದರದಲ್ಲಿದ್ದಷ್ಟು ವರ್ಷ ನನಗಿದು ಗೊತ್ತಿರಲಿಲ್ಲ ನೋಡಿ. ಪಾವಾಗಢಕ್ಕೆ ನಾಲ್ಕು ಸಲ ಹೋಗಿದ್ದೆ, ಆ ಕಡೆ ಒಂದು ಸಲವೂ ಇಲ್ಲ.

ಈಗ ಅಹಮದಾಬಾದಿಗೆ ಬರೋಣ. ನವರಂಗಪುರದಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಅಂತಿದೆ, ಎಲ್ಲರೂ ಪಿಆರ್‌ಎಲ್ ಅನ್ನುತ್ತಾರೆ. ವಿಕ್ರಂ ಸಾರಾಭಾಯಿಯವರು 1947ರಲ್ಲಿ ಕಟ್ಟಿದ್ದು. ಅದರ ಮೊದಲ ನಿರ್ದೇಶಕರು ಮಾತ್ರ ಸಾರಾಭಾಯಿ ಅಲ್ಲ, ಪಾಲಕ್ಕಾಡಿನ ಕೆ. ಆರ್. ರಾಮನಾಥನ್. ಹವಾಮಾನ ಇಲಾಖೆಯಿಂದ ನಿವೃತ್ತರಾಗಿ 1948ರಲ್ಲಿ ಬಂದವರು. ಓಜೋನ್ ಬಗ್ಗೆ ಕೆಲಸ ಮಾಡಿದವರು ಅಂತ ಜನ ಅವರನ್ನು ನೆನೆಯುತ್ತಾರೆ. ನನಗೆ ಅವರು ನೆನಪಾಗುವುದು 1923ರ ಒಂದು ಘಟನೆಗೆ.

ಆಗ ಅವರು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಇದ್ದರು. ದ್ರವಗಳಲ್ಲಿ ಬೆಳಕು ಹೇಗೆ ಚದುರುತ್ತದೆ ಅಂತ ನೋಡುವ ಕೆಲಸ. ಬಿಸಿಲಿಗೆ ನೇರಳೆ ಗಾಜು ಅಡ್ಡ ಇಟ್ಟು ದ್ರವದೊಳಗೆ ಬಿಡುವುದು, ಚದುರಿದ ಬೆಳಕನ್ನು ಹಸಿರು ಗಾಜಿನ ಮೂಲಕ ನೋಡುವುದು. ನೇರಳೆ ಮಾತ್ರ ಒಳಗೆ ಹೋಗಿದ್ದರೆ ಹಸಿರು ಗಾಜಿನಾಚೆ ಕತ್ತಲೇ ಇರಬೇಕು. ಆದರೆ ಒಂದು ಚೂರು ಬೆಳಕು ಕಂಡಿತು. ದ್ರವದಲ್ಲಿ ಕೊಳೆ ಇರಬೇಕು, ಅದರ ಪ್ರತಿದೀಪ್ತಿ ಇದು ಅಂತ ತಿಳಿದು ಮತ್ತೆ ಮತ್ತೆ ಶುದ್ಧ ಮಾಡಿದರು. ಬೆಳಕು ಹೋಗಲಿಲ್ಲ. ಕೊನೆಗೆ ಅದನ್ನು ದುರ್ಬಲ ಪ್ರತಿದೀಪ್ತಿ ಅಂತ ಬರೆದಿಟ್ಟರು. ಐದು ವರ್ಷದ ಮೇಲೆ, 1928ರ ಫೆಬ್ರವರಿ 28ರಂದು, ಅದು ಪ್ರತಿದೀಪ್ತಿಯೇ ಅಲ್ಲ, ಚದುರುವಾಗಲೇ ಬಣ್ಣ ಬದಲಿಸಿಕೊಂಡ ಬೆಳಕು ಅನ್ನುವುದು ಖಚಿತವಾಯಿತು. ಅದೇ ರಾಮನ್ ಪರಿಣಾಮ. ರಾಮನಾಥನ್ ಕಣ್ಣಾರೆ ಕಂಡಿದ್ದರು, ಹೆಸರು ಮಾತ್ರ ಬೇರೆ ಬಿದ್ದಿತ್ತು. ಇದನ್ನು ನಾನು ಅವರ ಸೋಲು ಅಂತ ಹೇಳುತ್ತಿಲ್ಲ. ಕಂಡದ್ದನ್ನು ಮುಚ್ಚಿಡದೆ ಬರೆದಿಟ್ಟರಲ್ಲ, ಅದೇ ದೊಡ್ಡದು. ಈ ಘಟನೆ ನೆನಪಿಟ್ಟುಕೊಳ್ಳಿ, ನೂರು ವರ್ಷದ ಮೇಲೆ ಗಿಡದ ಎಲೆಯಲ್ಲಿ ಇದೇ ತಕರಾರು ಮತ್ತೆ ಎದ್ದಿದೆ.

ವಡೋದರದ ಕಥೆ ನಮ್ಮೆಲ್ಲರ ಮನೆಯ ಬಚ್ಚಲಿಗೆ ಬಂದ ಕಥೆ. ನನ್ನ ವಯಸ್ಸಿನವರಿಗೆ ಟಿನೋಪಾಲ್ ಅಂದರೆ ಬಿಡಿಸಿ ಹೇಳಬೇಕಿಲ್ಲ. ಅವ್ವ ಅಪ್ಪನ ಧೋತರಕ್ಕೆ ಮೊದಲು ನೀಲಿ ಹಾಕುತ್ತಿದ್ದಳು, ಆಮೇಲಾಮೇಲೆ ಚಿಟಿಕೆ ಟಿನೋಪಾಲ್. ಎರಡೂ ಒಂದೇ ಅಂತ ನಾವು ತಿಳಿದಿದ್ದೆವು. ಅಲ್ಲವೇ ಅಲ್ಲ. ನೀಲಿ ಬರೀ ಬಣ್ಣ, ಬಟ್ಟೆಯ ಹಳದಿಯನ್ನು ಮುಚ್ಚುತ್ತದೆ. ಟಿನೋಪಾಲ್ ಬಿಸಿಲಿನಲ್ಲಿರುವ, ನಮಗೆ ಕಾಣದ ಅತಿನೇರಳೆಯನ್ನು ನುಂಗಿ ಕಾಣುವ ನೀಲಿಯನ್ನು ಉಗುಳುತ್ತದೆ. ಅಂದರೆ ಬಟ್ಟೆ ತನ್ನ ಮೇಲೆ ಬಿದ್ದ ಕಾಣುವ ಬೆಳಕಿಗಿಂತ ಹೆಚ್ಚನ್ನು ವಾಪಸು ಕೊಡುತ್ತದೆ. ಜರ್ಮನಿಯ ಪಾಲ್ ಕ್ರಾಯಿಸ್ 1929ರಲ್ಲಿ ಒಂದು ಮರದ ತೊಗಟೆಯ ರಸದಲ್ಲಿ ಬಟ್ಟೆ ಅದ್ದಿ ಈ ಗುಣ ತೋರಿಸಿದ್ದ. ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿ ಅದನ್ನು ಟಿನೋಪಾಲ್ ಅಂತ ಪುಡಿ ಮಾಡಿ ಮಾರಿತು. ನಮ್ಮಲ್ಲಿ ಅದನ್ನು ತಂದದ್ದು ಸಾರಾಭಾಯಿ ಮನೆತನ ಮತ್ತು ಗೈಗಿ ಸೇರಿ ಕಟ್ಟಿದ ಸುಹೃದ್ ಗೈಗಿ. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ವಿಕ್ರಂ ಅವರ ಅಣ್ಣ ಸುಹೃದ್ ಅವರ ಹೆಸರು ಅದು. ಒಂದೇ ಮನೆಯಲ್ಲಿ ಒಬ್ಬ ತಮ್ಮ ಬಾಹ್ಯಾಕಾಶದ ಬೆಳಕಿನ ಹಿಂದೆ ಬಿದ್ದರೆ, ಅಣ್ಣನ ಹೆಸರಿನ ಕಂಪನಿ ಧೋತರ ಬೆಳಗಿಸಿತು.

ಈ ಪುಡಿಯ ಜೊತೆ ನನಗೆ ಒಂದು ಹಳೆಯ ಪೆಟ್ಟು ಇದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಬಿಳಿ ಪಾಪ್ಲಿನ್ ಲಾಟ್ ಒಂದನ್ನು ನಾನೇ ನೋಡಿ ಪಾಸ್ ಮಾಡಿದ್ದೆ. ಟ್ಯೂಬ್‌ಲೈಟಿನ ಕೆಳಗೆ ಹಾಲಿನ ಹಾಗಿತ್ತು. ಕೊಳ್ಳುವವರು ಬಿಸಿಲಿಗೆ ಒಯ್ದು ಹಾಸಿದರು, ಉದ್ದಕ್ಕೂ ಪಟ್ಟೆ ಪಟ್ಟೆ. ಪುಡಿ ಒಂದು ಕಡೆ ಹೆಚ್ಚು ಹತ್ತಿತ್ತು, ಒಂದು ಕಡೆ ಕಡಿಮೆ. ಪೂರಾ ಲಾಟ್ ವಾಪಸು ಬಂತು. ಅವತ್ತು ನಮ್ಮ ಮಾಸ್ತರು, ನಡಿಯಾದ ಕಡೆಯ ಪಟೇಲರು, ಬೈಯಲಿಲ್ಲ. ಕತ್ತಲೆ ಕೋಣೆಯಲ್ಲಿ ಅತಿನೇರಳೆ ದೀಪ ಹಚ್ಚಿ ಒಂದೊಂದೇ ತುಂಡು ತೋರಿಸಿದರು. ಬಿಳಿ ಕಂಡಲ್ಲೆಲ್ಲ ಬಿಳುಪಿಲ್ಲ ಅಂತ ಆ ದಿನ ಕಲಿತೆ. ಹೆಚ್ಚು ಹಾಕಿದರೆ ಹೆಚ್ಚು ಬೆಳ್ಳಗೂ ಆಗುವುದಿಲ್ಲ, ಹಸಿರು ಛಾಯೆ ಬಂದುಬಿಡುತ್ತದೆ.

ಇದೇ ಜಾತಿಯ ಪುಡಿ ಹತ್ತಿ ಬಟ್ಟೆಗೆ ಅಂಟುವುದು ಅದರ ಸೆಲ್ಯುಲೋಸಿಗೆ. ಗಿಡದ ಜೀವಕೋಶದ ಗೋಡೆಯೂ ಸೆಲ್ಯುಲೋಸೇ. ಆದ್ದರಿಂದ ಸಸ್ಯಶಾಸ್ತ್ರದವರು 1960ರ ದಶಕದಿಂದ ಇದೇ ಬಿಳುಪಿನ ಬಣ್ಣವನ್ನು ಕ್ಯಾಲ್ಕೋಫ್ಲೋರ್ ಅನ್ನುವ ಹೆಸರಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಬಳಸುತ್ತಾ ಬಂದರು. ಜೀವಕೋಶದ ಗೋಡೆ, ಶಿಲೀಂಧ್ರದ ಎಳೆ ನೀಲಿಗೆ ಹೊಳೆಯುತ್ತವೆ. ಆ ಬಣ್ಣದ ಒಂದು ಮಾರಾಟದ ಹೆಸರು ಇವತ್ತಿಗೂ ಟಿನೋಪಾಲ್ ಅಂತಲೇ ಶುರುವಾಗುತ್ತದೆ! ಧೋತರ ಬೆಳಗಿಸಿದ್ದು ಗಿಡದ ಗೋಡೆಯನ್ನೂ ಬೆಳಗಿಸಿತು. ಆದರೆ ಗೋಡೆ ಕಂಡರೆ ಮನೆಯೊಳಗಿನ ಮಾತು ಕೇಳಿದಂತೆ ಆಗಲಿಲ್ಲವಲ್ಲ.

ಇಲ್ಲಿಗೆ ನನ್ನ ಸ್ವಾರ್ಥದ ಭಾಗ. ನಮ್ಮದು ಹಾವೇರಿ ಕಡೆಯ ಹತ್ತಿ ಹೊಲ. ಅಪ್ಪ ವರಲಕ್ಷ್ಮಿ ಹಾಕುತ್ತಿದ್ದ. ವರಲಕ್ಷ್ಮಿಯನ್ನು ಧಾರವಾಡದಲ್ಲಿ ಬಿ. ಎಚ್. ಕಾತರಕಿಯವರು 1972ರಲ್ಲಿ ಕೊಟ್ಟದ್ದು, ಅಮೆರಿಕನ್ ಹತ್ತಿ ಮತ್ತು ಉದ್ದ ಎಳೆಯ ಈಜಿಪ್ಟಿನ ಜಾತಿಯ ಹತ್ತಿಯನ್ನು ಕೂಡಿಸಿ. ಅದಕ್ಕೆ ಎರಡು ವರ್ಷ ಮೊದಲು, 1970ರಲ್ಲಿ, ಇದೇ ಸೂರತ್ತಿನ ಹತ್ತಿ ಸಂಶೋಧನಾ ಕೇಂದ್ರದಲ್ಲಿ ಸಿ. ಟಿ. ಪಟೇಲರು ಎಚ್-4 ಕೊಟ್ಟಿದ್ದರು, ವ್ಯಾಪಾರಕ್ಕೆ ಬಂದ ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ. ಎರಡಕ್ಕೂ ಕೆಲಸ ಒಂದೇ ಬಗೆಯದು: ಸಂಜೆ ಮೊಗ್ಗು ಬಿಡಿಸಿ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಹೂವನ್ನು ತಂದು ಸವರುವುದು, ಒಂದೊಂದು ಹೂವಿಗೂ. ಹೆಣ್ಣುಮಕ್ಕಳ, ಮಕ್ಕಳ ಬೆರಳಿನಲ್ಲಿ ನಡೆದ ಕೆಲಸ. ನಾನು ಸೂರತ್ತಿಗೆ ಬಂದ ಮೇಲೆ ಆ ಕೇಂದ್ರದ ಗೇಟಿನ ಮುಂದೆ ಒಂದು ಸಲ ಸ್ಕೂಟರ್ ನಿಲ್ಲಿಸಿ ನಿಂತಿದ್ದೆ. ಒಳಗೆ ಹೋಗಿ ಏನು ಕೇಳಬೇಕು ತಿಳಿಯದೆ ವಾಪಸು ಬಂದೆ.

ವರಲಕ್ಷ್ಮಿಯ ಎಲೆ ಒಂದು ವರ್ಷ ಕೆಂಪಾಯಿತು. ಹತ್ತಿ ಎಲೆ ಕೆಂಪಾಗುವುದಕ್ಕೆ ನೂರೆಂಟು ಕಾರಣ. ಮೆಗ್ನೀಸಿಯಂ ಕಡಿಮೆ, ಸಾರಜನಕ ಕಡಿಮೆ, ಚಳಿ, ನೀರಿನ ಕೊರತೆ, ಜಿಗಿಹುಳು. ಅಪ್ಪ ಒಬ್ಬರ ಮಾತು ಕೇಳಿ ಯೂರಿಯಾ ಹಾಕಿದ, ಇನ್ನೊಬ್ಬರ ಮಾತು ಕೇಳಿ ಔಷಧಿ ಹೊಡೆದ. ಕಾಯಿ ಕಟ್ಟಲಿಲ್ಲ. ಆ ಸಾಲದ ಬಡ್ಡಿಯನ್ನು ನಾನು ಅಹಮದಾಬಾದಿನಿಂದ ಮನಿಯಾರ್ಡರ್ ಮಾಡಿ ತೀರಿಸಿದೆ. ಅಪ್ಪ ಕೊನೆಯವರೆಗೂ ಕೇಳುತ್ತಿದ್ದುದು ಒಂದೇ: "ಎಲಿ ಕೆಂಪಾಗೂಕಿಂತ ಮೊದಲ ಗಿಡಕ್ಕ ಗೊತ್ತಿರತೈತಲ್ಲ, ಅದು ನಮಗ್ಯಾಕ ಹೇಳೂದಿಲ್ಲ?"

ಹತ್ತಿ ಗಿಡದೊಳಗೆ ಏನಿದೆ ಅಂತ ಹೊಲದಲ್ಲೇ ನೋಡುವ ಸಾಧನ ಮೊದಲು ದೊಡ್ಡ ಸುದ್ದಿಯಾದದ್ದು ಬೇರೆ ಕಾರಣಕ್ಕೆ. 2001ರಲ್ಲಿ ಗುಜರಾತಿನಲ್ಲಿ ಕಾಯಿಕೊರಕ ಹುಳು ಹೊಲ ಹೊಲ ತಿಂದು ಹಾಕಿತು, ಆದರೆ ಕೆಲವು ಹೊಲ ಮಾತ್ರ ಹಸಿರಾಗಿ ನಿಂತವು. ಅಹಮದಾಬಾದಿನ ಬೀಜ ಕಂಪನಿಯೊಂದರ ನವಭಾರತ್ 151 ತಳಿ. ಪರೀಕ್ಷೆ ಮಾಡಿದರೆ ಒಳಗೆ ಬಿಟಿ ಜೀನು, ಆಗಿನ್ನೂ ದೇಶದಲ್ಲಿ ಅನುಮತಿಯೇ ಇರಲಿಲ್ಲ. ಬೆಳೆ ಸುಟ್ಟುಹಾಕಿ ಅಂತ ದಿಲ್ಲಿಯಿಂದ ಆದೇಶ ಬಂತು, ರೈತರು ಒಪ್ಪಲಿಲ್ಲ. 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಅಧಿಕೃತ ಅನುಮತಿ ಸಿಕ್ಕಿತು. ಆಮೇಲೆ ನಕಲಿ ಬೀಜದ ಹಾವಳಿ. ಆಗ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಎಲೆ ಅರೆದು ಪಟ್ಟಿ ಅದ್ದಿ ನೋಡುವ ಕಿಟ್ ಹೊರತಂದಿತು. ಇಂಥ ಪಟ್ಟಿಗಳಲ್ಲಿ ಮೂಡುವ ಗೆರೆಯ ಕೆಂಪು ಸಾಮಾನ್ಯವಾಗಿ ಚಿನ್ನದ ನ್ಯಾನೋಕಣಗಳದು. ಕೋವಿಡ್ ಕಾಲದಲ್ಲಿ ಮನೆಯಲ್ಲಿ ನೋಡಿಕೊಂಡ ಎರಡು ಗೆರೆಯ ಪಟ್ಟಿ ನೆನಪಿದೆಯಲ್ಲ, ಅದೇ ಕುಲ.

ಪಟ್ಟಿ ಹೇಳುವುದು ಬಿಟಿ ಪ್ರೋಟೀನು ಇದೆಯೋ ಇಲ್ಲವೋ, ಅಷ್ಟೇ. 2009ರಲ್ಲಿ ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿಗೆ ಬಗ್ಗದೆ ಹೋದಾಗ ಪಟ್ಟಿಯ ಗೆರೆ ಎಂದಿನಂತೆ ಕೆಂಪಾಗಿಯೇ ಮೂಡುತ್ತಿದ್ದಿರಬೇಕು. ಗಿಡ ಹೇಗಿದೆ ಅನ್ನುವ ಪ್ರಶ್ನೆ, ಅಪ್ಪನ ಪ್ರಶ್ನೆ, ಹಾಗೇ ಉಳಿಯಿತು.

ಅದಕ್ಕೆ ಉತ್ತರ ಕೊಡಬಹುದಾದ ಚೀಟಿಯೇ ಮೈಕ್ರೋ ಆರ್‌ಎನ್‌ಎ. ಡಿಎನ್‌ಎ ಅಂದರೆ ಮನೆಯ ಹಿರಿಯರ ದೊಡ್ಡ ಬಹಿ ಅಂದುಕೊಳ್ಳಿ. ಅದರಿಂದ ಆಯಾ ಹೊತ್ತಿಗೆ ಬೇಕಾದ ಆದೇಶವನ್ನು ನಕಲು ಮಾಡಿ ಕೆಲಸಗಾರರಿಗೆ ಕಳಿಸುತ್ತಾರೆ. ಮೈಕ್ರೋ ಆರ್‌ಎನ್‌ಎ ಅನ್ನುವುದು ಸುಮಾರು 21 ಅಕ್ಷರದ ತುಂಡು ಚೀಟಿ. ಅದು ತನಗೆ ಹೊಂದುವ ಆದೇಶವನ್ನು ಹುಡುಕಿ ಅಂಟಿಕೊಂಡು ಅದನ್ನು ರದ್ದು ಮಾಡಿಸುತ್ತದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಇದನ್ನು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ತೋರಿಸಿದರು, 2024ರಲ್ಲಿ ಅವರಿಗೆ ನೊಬೆಲ್ ಬಂತು. ಗಿಡಗಳಲ್ಲಿ ಇಂಥ ಸಣ್ಣ ಆರ್‌ಎನ್‌ಎಗಳನ್ನು ಮೊದಲು ಹಿಡಿದದ್ದು 1999ರಲ್ಲಿ, ಇಂಗ್ಲೆಂಡಿನ ಹ್ಯಾಮಿಲ್ಟನ್ ಮತ್ತು ಬೋಲ್‌ಕೂಂ. ಮೈಕ್ರೋ ಆರ್‌ಎನ್‌ಎ ಅಂತಲೇ ಗಿಡದಲ್ಲಿ ಗುರುತಾದದ್ದು 2002ರಲ್ಲಿ. ಮುಂದೆ ಬೆಂಗಳೂರಿನ ಎನ್‌ಸಿಬಿಎಸ್ ಸೇರಿದ ಪಿ. ವಿ. ಶಿವಪ್ರಸಾದ್ ಅವರು ಬೋಲ್‌ಕೂಂ ಅವರ ಜೊತೆಯಲ್ಲೇ 482 ಅನ್ನುವ ಚೀಟಿ ಗಿಡದ ರೋಗನಿರೋಧಕ ಜೀನುಗಳನ್ನು ಹೇಗೆ ಹಿಡಿತದಲ್ಲಿಡುತ್ತದೆ ಅಂತ 2012ರಲ್ಲಿ ತೋರಿಸಿದರು.

ರೈತನಿಗೆ ಬೇಕಾದ ಸಂಗತಿ ಇಲ್ಲಿದೆ. ರಂಜಕ ಸಾಲದಾದಾಗ ಗಿಡದಲ್ಲಿ 399 ಅನ್ನುವ ಚೀಟಿ ಏರುತ್ತದೆ. ಅದು ಎಲೆಯಿಂದ ಇಳಿದು ಬೇರಿಗೆ ಹೋಗಿ, ರಂಜಕ ಹೀರುವುದಕ್ಕೆ ಅಡ್ಡ ನಿಂತ ಆದೇಶವನ್ನು ರದ್ದು ಮಾಡುತ್ತದೆ. ಅಂದರೆ ಎಲೆ ಬೇರಿಗೆ ಕಾಗದ ಬರೆಯುತ್ತದೆ. ಗಂಧಕ ಸಾಲದಾದರೆ 395 ಏರುತ್ತದೆ, ತಾಮ್ರ ಸಾಲದಾದರೆ 398. ಹೊರಗೆ ಲಕ್ಷಣ ಕಾಣುವ ಮುಂಚೆಯೇ ಈ ಏರುಪೇರು ಆಗಬಲ್ಲದು. ಎಲ್ಲ ಕೊರತೆಗೂ ಇಷ್ಟು ಸ್ಪಷ್ಟವಾದ ಒಂದೊಂದು ಚೀಟಿ ಇದೆ ಅಂತ ತಿಳಿಯಬೇಡಿ. ಆದರೂ ಅಪ್ಪನ ಮಾತು ಸುಳ್ಳಲ್ಲ, ಗಿಡಕ್ಕೆ ಗೊತ್ತಿರುತ್ತದೆ. ಹೇಳುತ್ತಲೂ ಇರುತ್ತದೆ, ಬೇರಿಗೆ.

ಓದುವುದು ಕಷ್ಟ. 21 ಅಕ್ಷರ ಅಂದರೆ ಬಹಳ ಗಿಡ್ಡ, ಒಂದೇ ಕುಟುಂಬದ ಚೀಟಿಗಳಲ್ಲಿ ಒಂದೆರಡು ಅಕ್ಷರ ಮಾತ್ರ ವ್ಯತ್ಯಾಸ. ಪಿಸಿಆರ್ ಯಂತ್ರದಿಂದ ಓದಬಹುದು, ಅದಕ್ಕೆ ಪ್ರಯೋಗಾಲಯ, ದಿನಗಳು, ದುಡ್ಡು ಬೇಕು. ಆದ್ದರಿಂದ ಬೆಳಕಿನ ಹಾದಿ. ಚೀಟಿಗೆ ಸರಿಯಾಗಿ ಹೊಂದುವ ಡಿಎನ್‌ಎ ತುಂಡೊಂದನ್ನು ಕೊಕ್ಕೆಯ ಹಾಗೆ ಮಾಡಿ, ಅದಕ್ಕೆ ಹೊಳೆಯುವ ಕಣ ಅಂಟಿಸುವುದು. ಚೀಟಿ ಬಂದು ಕೊಕ್ಕೆಗೆ ಸಿಕ್ಕಿಕೊಂಡಾಗ ಹೊಳಪು ಏರಬೇಕು ಅಥವಾ ಇಳಿಯಬೇಕು. ಮಾಮೂಲಿ ಬಣ್ಣ ಬೆಳಕಿಗೆ ಬೇಗ ಮಾಸಿಹೋಗುತ್ತದೆ, ನ್ಯಾನೋಕಣ ಅಷ್ಟು ಬೇಗ ಮಾಸುವುದಿಲ್ಲ. ಗಾತ್ರ ಬದಲಿಸಿದರೆ ಬಣ್ಣ ಬದಲಾಗುವ ಕ್ವಾಂಟಂ ಡಾಟ್‌ಗಳಿಗೆ 2023ರಲ್ಲಿ ನೊಬೆಲ್ ಬಂದದ್ದು ಓದಿರುತ್ತೀರಿ. ಆದರೆ ಅವುಗಳಲ್ಲಿ ಹೆಚ್ಚಾಗಿ ಬಳಸುವುದು ಕ್ಯಾಡ್ಮಿಯಂ, ವಿಷ.

ಬೇರೆ ದಾರಿ ಬೆಳ್ಳಿ. 2004ರಲ್ಲಿ ಅಮೆರಿಕದಲ್ಲಿ ಡಿಎನ್‌ಎ ಎಳೆಯನ್ನೇ ಅಚ್ಚು ಮಾಡಿಕೊಂಡು ಅದರ ಮೇಲೆ ಕೆಲವೇ ಬೆಳ್ಳಿ ಪರಮಾಣುಗಳ ಗುಂಪು ಕಟ್ಟಿದರು, ಅದು ಹೊಳೆಯುತ್ತದೆ. 2011ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಯಾಂಗ್ ಮತ್ತು ವೋಶ್ ಇದನ್ನು ಗಿಡದ ಮೈಕ್ರೋ ಆರ್‌ಎನ್‌ಎಗೆ ಹೊಂದಿಸಿದರು. ಎಳೆಯ ಒಂದು ತುದಿಯಲ್ಲಿ ಕೆಂಪು ಹೊಳೆಯುವ ಬೆಳ್ಳಿ, ಉಳಿದ ಭಾಗದಲ್ಲಿ 160 ಅನ್ನುವ ಚೀಟಿಗೆ ಹೊಂದುವ ಅಕ್ಷರಗಳು. ಅರಾಬಿಡಾಪ್ಸಿಸ್ ಸಸಿಗಳಿಂದ ಆರ್‌ಎನ್‌ಎ ತೆಗೆದು ಬೆರೆಸಿದಾಗ, ಚೀಟಿ ಇದ್ದರೆ ಕೆಂಪು ಕುಂದಿತು. ಮೈಕ್ರೋ ಆರ್‌ಎನ್‌ಎ ತಯಾರಿಸುವ ಶಕ್ತಿಯೇ ಕುಂದಿದ ಸಸಿಯಲ್ಲಿ ಅಷ್ಟು ಕುಂದಲಿಲ್ಲ. ಈ ಎರಡನೆಯ ಪರೀಕ್ಷೆ ನನಗೆ ತುಂಬಾ ಹಿಡಿಸಿತು. ಪಟೇಲ್ ಮಾಸ್ತರು ಒಳ್ಳೆಯ ತುಂಡಿನ ಪಕ್ಕ ಕೆಟ್ಟ ತುಂಡು ಇಟ್ಟು ತೋರಿಸುತ್ತಿದ್ದರಲ್ಲ, ಹಾಗೆ. ಆದರೆ ಹೊಳಪು ಆರುವುದೇ ಉತ್ತರವಾದರೆ ನನಗೆ ಅನುಮಾನ. ದೀಪ ಆರುವುದಕ್ಕೆ ಕಾರಣ ಒಂದೇ ಇರುವುದಿಲ್ಲ.

ಇನ್ನೊಂದು ದಾರಿ ಇಂಗಾಲ, ಅದು ನಮ್ಮ ಸೂರತ್ತಿಗೆ ಬರುತ್ತದೆ. 2004ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ನ್ಯಾನೋಕೊಳವೆ ತಯಾರಿಸಿ ಉಳಿದ ಮಸಿಯನ್ನು ಶುದ್ಧ ಮಾಡುವಾಗ ಬೇಡವಾದ ಕಲ್ಮಶವೇ ಹೊಳೆಯಿತು. ಎರಡು ವರ್ಷದ ಮೇಲೆ ಅದಕ್ಕೆ ಕಾರ್ಬನ್ ಡಾಟ್ ಅಂತ ಹೆಸರಾಯಿತು. ಮಸಿ, ಕಲ್ಮಶ! ರಾಮನಾಥನ್ ಅವರ ಕೊಳೆಯ ಅನುಮಾನ ಇಲ್ಲಿ ತಿರುಗುಮುರುಗು. ಆಮೇಲೆ ಇದನ್ನು ಮಾಡಲು ಮಸಿಯೂ ಬೇಡ, ಸಕ್ಕರೆ ಅಂಶದ ಯಾವ ರಸವನ್ನಾದರೂ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೂ ಆಗುತ್ತದೆ ಅಂತ ಗೊತ್ತಾಯಿತು. ಭುವನೇಶ್ವರದವರು 2012ರಲ್ಲಿ ಕಿತ್ತಳೆ ರಸದಿಂದ ಮಾಡಿದರು. ಸೂರತ್ತಿನ ಇಚ್ಛಾನಾಥದಲ್ಲಿರುವ ಸರದಾರ್ ವಲ್ಲಭಭಾಯಿ ಎನ್‌ಐಟಿಯಲ್ಲಿ ಸುರೇಶ್ ಕುಮಾರ್ ಕೈಲಾಸ ಅವರ ತಂಡ 2014ರಲ್ಲಿ ಮಾಡಿದ್ದು ಕಬ್ಬಿನ ಹಾಲಿನಿಂದ. ಬಾರ್ಡೋಲಿಯ ಸಕ್ಕರೆ ಕಾರ್ಖಾನೆ ಇರುವ ನಾಡಿನಲ್ಲಿ ಇದಕ್ಕಿಂತ ಸಹಜವಾದದ್ದು ಇನ್ನೇನಿದೆ? ಕೆಲವೇ ನ್ಯಾನೋಮೀಟರ್ ಕಣ, ನೋಟು ನೋಡುವಂಥ ದೀಪದ ಕೆಳಗೆ ನೀಲಿ. ಅದರಿಂದ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಕೋಶಗಳನ್ನು ಬೆಳಗಿಸಿ ತೋರಿಸಿದರು. ಅಂದರೆ ಆ ಕಬ್ಬಿನ ಕಣಕ್ಕೆ ಕೊಟ್ಟ ಕೆಲಸ ಚೀಟಿ ಓದುವುದಲ್ಲ. ಹೊಳೆಯುವ ಕಣ ಅಗ್ಗವಾಗಿ ಸಿಗುವುದು ಒಂದು ಹೆಜ್ಜೆ, ಅದಕ್ಕೆ ಸರಿಯಾದ ಕೊಕ್ಕೆ ಕೂರಿಸುವುದು ಬೇರೆ ಹೆಜ್ಜೆ.

ಮೂರನೆಯ ಹೆಜ್ಜೆಯೇ ಎಲ್ಲಕ್ಕಿಂತ ಭಾರ. ಎಲೆ ಸುಮ್ಮನಿರುವುದಿಲ್ಲ, ತಾನೂ ಹೊಳೆಯುತ್ತದೆ. ಮನೆಯಲ್ಲೇ ನೋಡಬಹುದು. ಪಾಲಕ್ ಸೊಪ್ಪನ್ನು ಕುಟ್ಟಿ ಸರ್ಜಿಕಲ್ ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿ, ಹಸಿರು ದ್ರವವನ್ನು ನೋಟಿನ ದೀಪದ ಕೆಳಗೆ ಹಿಡಿಯಿರಿ. ರಕ್ತದ ಹಾಗೆ ಕೆಂಪು. ಅದು ಪತ್ರಹರಿತ್ತಿನ ಸ್ವಂತ ಬೆಳಕು. ಗೋಡೆಯ ಲಿಗ್ನಿನ್ ನೀಲಿಗೆ ಹೊಳೆಯುತ್ತದೆ. ನಾವು ಕಬ್ಬಿನ ನೀಲಿ ಕಣ ಬಿಟ್ಟರೆ ಗೋಡೆಯ ನೀಲಿ, ಬೆಳ್ಳಿಯ ಕೆಂಪು ಬಿಟ್ಟರೆ ಪತ್ರಹರಿತ್ತಿನ ಕೆಂಪು. ಹತ್ತಿ ಎಲೆ ಇನ್ನೂ ಹಟಮಾರಿ. ಬೆಳಕಿಗೆ ಹಿಡಿದರೆ ಕಾಣುವ ಕರಿ ಚುಕ್ಕೆಗಳು ಗಾಸಿಪಾಲ್ ಗ್ರಂಥಿಗಳು. ಅರೆದ ಕೂಡಲೇ ಅದೂ, ಒಗರಿನ ಪದಾರ್ಥಗಳೂ, ಲೋಳೆಯೂ ಆರ್‌ಎನ್‌ಎ ಜೊತೆ ಕಲಸಿಕೊಳ್ಳುತ್ತವೆ. ಅಗ್ಗದ ಕಾಗದದ ಪಟ್ಟಿ ಮಾಡೋಣ ಅಂದರೆ ಆಫೀಸಿನ ಬಿಳಿ ಕಾಗದಕ್ಕೆ ನಮ್ಮ ಟಿನೋಪಾಲಿನ ತಮ್ಮಂದಿರನ್ನೇ ಬೆರೆಸಿರುತ್ತಾರೆ, ಅದೂ ನೀಲಿ. ಸೋಸುವ ಕಾಗದ ಬಳಸಬೇಕು. ಬಟ್ಟೆ ಬಿಳುಪು ಮಾಡುವ ಕೋಣೆಯಲ್ಲಿ ನಾನು ತಿಂದ ಪೆಟ್ಟೇ ಇದು, ಬೇರೆ ವೇಷದಲ್ಲಿ.

ಇಲ್ಲಿಯೇ ರಾಮನಾಥನ್ ವಾಪಸು ಬರುತ್ತಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೋ-ದಿನ್ ತಂಡ ಗಿಡವನ್ನು ಅರೆಯದೆ ಜೀವಂತ ಎಲೆಯೊಳಗೇ 156 ಅನ್ನುವ ಚೀಟಿಯನ್ನು ನೋಡಿತು, 2019ರಲ್ಲಿ ಪ್ರಕಟಿಸಿತು. ಗಿಡ ಬಾಲ್ಯ ಬಿಟ್ಟು ಪ್ರಾಯಕ್ಕೆ ಬರುವುದನ್ನು ನಿಯಂತ್ರಿಸುವ ಚೀಟಿ ಅದು. ಅವರು ನಂಬಿದ್ದು ಪ್ರತಿದೀಪ್ತಿಯನ್ನಲ್ಲ. ಚಿನ್ನ-ಬೆಳ್ಳಿಯ ನ್ಯಾನೋಕಣದ ಮೇಲೆ ಸಾವಿರಾರು ಪಟ್ಟು ಜೋರಾಗುವ ರಾಮನ್ ಚದುರುವಿಕೆಯನ್ನು. ಎಲೆಯ ಸ್ವಂತ ಹೊಳಪು ಅಗಲವಾದ ಮಬ್ಬು, ರಾಮನ್ ಗೆರೆಗಳು ಚೂಪು, ಒಂದನ್ನೊಂದು ಬಿಡಿಸಬಹುದು. 1923ರಲ್ಲಿ ರಾಮನ್ ಬೆಳಕಿಗೆ ಪ್ರತಿದೀಪ್ತಿ ಅಂತ ಹೆಸರು ಬಿದ್ದಿತ್ತು. ಈಗ ಪ್ರತಿದೀಪ್ತಿಯ ಗದ್ದಲ ತಾಳಲಾರದೆ ರಾಮನ್ ಬೆಳಕನ್ನು ಕರೆಸಿಕೊಳ್ಳುತ್ತಿದ್ದಾರೆ. ಆದರೆ ರಾಮನ್ ಉಪಕರಣ ನೋಟಿನ ದೀಪದಷ್ಟು ಅಗ್ಗವಲ್ಲ. ಅದಕ್ಕೇ ಪ್ರತಿದೀಪ್ತಿಯ ಕಣಗಳ ಕೈಯನ್ನು ಯಾರೂ ಪೂರ್ತಿ ಬಿಟ್ಟಿಲ್ಲ. ಹೊಲಕ್ಕೆ ಬರುವುದಿದ್ದರೆ ದೀಪವೊಂದು, ಮೊಬೈಲ್ ಕ್ಯಾಮೆರಾ ಒಂದು, ಪಟ್ಟಿ ಒಂದು, ಇಷ್ಟರಲ್ಲೇ ಬರಬೇಕು.

ಹೋದ ಸಲ ಊರಿನಿಂದ ಅಣ್ಣನ ಮಗ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದ. ಹತ್ತಿ ಎಲೆ, ಅಂಚಿನಿಂದ ಕೆಂಪು ಹತ್ತುತ್ತಿದೆ. ಅಪ್ಪನ ಹೊಲದ್ದೇ. ಫೋನ್ ಮಾಡಿ, ಅಂದಾಜಿನ ಮೇಲೆ ಏನೂ ಹೊಡೆಯಬೇಡ, ಎಲೆಯನ್ನೂ ಮಣ್ಣನ್ನೂ ಪರೀಕ್ಷೆಗೆ ಕಳಿಸು ಅಂದೆ. ಮೈಕ್ರೋ ಆರ್‌ಎನ್‌ಎ, ಕಬ್ಬಿನ ಹಾಲಿನ ಕಣ ಎಲ್ಲ ಉತ್ಸಾಹದಿಂದ ಹೇಳಿದೆ. ಪೂರಾ ಕೇಳಿಸಿಕೊಂಡ. ಆಮೇಲೆ ಕೇಳಿದ: "ಕಾಕಾ, ಈಗ ಕಳಿಸಿದರ ರಿಪೋರ್ಟ್ ಬರಾಕ ಎಷ್ಟು ದಿನ ಹಿಡೀತೈತ್ರಿ?"

ಹದಿನೈದು ದಿನ ಆಗಬಹುದು ಅಂದೆ.

"ಅಷ್ಟರಾಗ ಮೊದಲನೇ ಸಲದ್ದು ಬಿಡಿಸೂದ ಮುಗದಿರತೈತ್ರಿ" ಅಂದ.